ಕುದ್ರುವಿನ ಗಂಡಿ

ಅರಬ್ಬಿ ಸಮುದ್ರವನ್ನು ನಾನೊಬ್ಬನೇ ಬೆನ್ನುಕೊಟ್ಟು ಒಂದಿಡೀ ಮಳೆಗಾಲ ತಡೆದಿದ್ದೇನೆ. ಬೆನ್ನ ಮೇಲೆ ಏಡಿಗಳು ಮನೆ ಮಾಡಿ ಮೊಮ್ಮಕ್ಕಳನ್ನು ಕಂಡವು. ಗಂಗೊಳ್ಳಿಯ ಮೀನುಗಾರರು ಬಂಡೆಯೆಂದು ತಿಳಿದು ನನಗೆ ದೋಣಿ ಕಟ್ಟಿದರು. ನಂಬದಿದ್ದರೆ ನಮ್ಮ ಬೆಳ್ಳಿಯನ್ನು ಕೇಳಿ. ಅವಳು ನನ್ನ ಹೆಂಡತಿ, ನನ್ನ ಯಾವ ಮಾತನ್ನೂ ಒಪ್ಪಿದವಳಲ್ಲ.

ಕುದ್ರುವೆಂದರೆ ಹೊಳೆ ನಡುವಿನ ಅಂಗೈಯಷ್ಟು ನೆಲ. ಒಂದು ಗದ್ದೆ, ಸುತ್ತ ಮಣ್ಣಿನ ಕಟ್ಟ, ಕಟ್ಟದಾಚೆ ಕೆಸರಲ್ಲಿ ಬೇರೂರಿ ನಿಂತ ಕಾಂಡ್ಲ ಕಾಡು. ಎಲ್ಲ ಸುಬ್ಬರಾಯ ಒಡೆಯರದ್ದು. ನಾವು ಗೇಣಿ ಒಕ್ಕಲು; ನನ್ನ ಹೆಸರು ಕುಷ್ಟ. ಉಳುವವನಿಗೇ ಭೂಮಿ ಎಂಬ ಮಾತು ಕೋಟೇಶ್ವರದ ಭಾಷಣಗಳವರೆಗೆ ಬಂದಿತ್ತು, ಹೊಳೆ ದಾಟಿರಲಿಲ್ಲ. ಆ ವರ್ಷ ಒಡೆಯರು ಕಾಂಡ್ಲವನ್ನೆಲ್ಲ ಕಡಿಸಿ ಹಂಚಿನ ಕಾರ್ಖಾನೆಯ ಒಲೆಗೆ ಮಾರಿದರು.

"ಒಡ್ಯಾ, ಬೇರ್ ಹೋರೆ ಕಟ್ಟ ನಿಲ್ತಿಲ್ಲೆ."

"ಮರ ನಂದ್, ಕಟ್ಟ ನಂದ್. ನೀ ಯಾರ್ದ್ ಬೋಳಿಮಗ್ನೆ?"

ಮಳೆಗಾಲದಲ್ಲಿ ಕಟ್ಟ ಒಡೆದು ಗಂಡಿ ಬಿತ್ತು. ಮಣ್ಣು ಹಾಕಿದರೆ ಮಣ್ಣು, ಹುಲ್ಲು ತುರುಕಿದರೆ ಹುಲ್ಲು, ಎಲ್ಲವನ್ನೂ ಹೊಳೆ ನುಂಗಿತು. ಒಡೆಯರು ಕೊಡೆ ಹಿಡಿದು ದೋಣಿಯಿಂದಲೇ ಕೂಗಿದರು: "ಹುಲ್ಲ್ ಎಂತಕ್ಕಾ? ಈ ಕುಷ್ಟನ್ನೇ ತುರ್ಕಿ ಗಂಡಿಗೆ."

ಆಳುಗಳು ನನ್ನನ್ನು ತುರುಕಿದರು, ಸುತ್ತ ಮಣ್ಣು ಮೆತ್ತಿದರು.

ಇಳಿತಕ್ಕೆ ನನ್ನನ್ನು ಎಳೆದುಹಾಕಿ ಅಲ್ಲಿ ಮಣ್ಣು ತುಂಬಿದರು. ಗಂಡಿ ಮುಚ್ಚಿತು. ಒಳಹೊಕ್ಕ ಉಪ್ಪು ಹೊರಗೆ ಹೋಗಲಿಲ್ಲ. ಭತ್ತ ಕೆಂಪಾಗಿ ಸತ್ತಿತು. ಬಾವಿಯೂ ಉಪ್ಪಾಯಿತು, ಕುಡಿಯುವ ನೀರನ್ನು ಬೆಳ್ಳಿ ಒಡೆಯರ ದೋಣಿಯಲ್ಲಿ ಆಚೆ ದಡದಿಂದ ತರಬೇಕಾಯಿತು. ಮರುವರ್ಷವೂ ಕಟ್ಟ ಜಿನುಗಿತು, ಭತ್ತ ಸತ್ತಿತು.

"ಗೇಣಿಗೆ ಭತ್ತವೇ ಅಳೀಕ್. ಇಲ್ದಿರೆ ಮನಿ ಬಿಡಿ," ಎಂದರು ಒಡೆಯರು.

ಬೆಳ್ಳಿ ಕಟ್ಟದ ಮೇಲೆ ನಿಂತು ಹೊಳೆ ನೋಡಿದಳು. ಎಲ್ಲಿಂದಲೋ ತೇಲಿಬಂದ ಕಾಂಡ್ಲದ ಬೀಜದ ಕೋಡುಗಳು ಕಟ್ಟಕ್ಕೆ ಬಡಿದು ವಾಪಸಾಗುತ್ತಿದ್ದವು. ಸಿಗಡಿ ಜಿಗಿಯುತ್ತಿತ್ತು.

"ಹ್ವಾಯ್, ಅವ್ಕೆ ಒಳ್ಗ್ ಬಪ್ಕ್ ಆಸೆ ಇತ್ತ್. ಹೊಳಿ ಒಟ್ಟಿಗೆ ಒಡೇರ್ ಜಗ್ಳ ನಮ್ಗ್ ಎಂತಕ್?"

ಆ ಚಳಿಗಾಲ ಕಟ್ಟದಲ್ಲಿ ಮತ್ತೆ ಗಂಡಿ ಬಿತ್ತು. ಉಬ್ಬರಕ್ಕೆ ನೀರು ಬಂತು, ಇಳಿತಕ್ಕೆ ಹೋಯಿತು. ಸಿಗಡಿ ಬಂತು, ಏಡಿ ಬಂತು, ನಮ್ಮ ಒಲೆ ಹೊತ್ತಿತು. ಗದ್ದೆಯಂಚಲ್ಲಿ ಕಾಂಡ್ಲ ತಾನೇ ಬೇರುಬಿಟ್ಟು ಮೊಣಕಾಲೆತ್ತರ ಎದ್ದಿತು. ಆಮೇಲೆ ಗೇಣಿ ಕೇಳಲು ಒಡೆಯರೂ ಬಂದರು.

"ಕಟ್ಟ ಎಂತ ಆಯ್ತಾ?"

"ಸಮುದ್ರ ಒಡಿತ್ ಒಡ್ಯಾ. ತೆಂಗಿನ್ ಮರದಷ್ಟ್ ಎತ್ರದ್ ಅಲೆ. ನಾ ಬೆನ್ ಕೊಟ್ ತಡ್ದೆ. ಆರೆ ಒಂದ್ ತಿಮಿಂಗಿಲ ಬಂದ್ ಕಂಕ್ಳಿಗೆ ಕಚಗುಳಿ ಇಟ್ತ್."

ಒಡೆಯರು ಗಂಡಿಯತ್ತ ಬಗ್ಗಿದರು. ಎರಡು ಗೂಟ, ನಡುವೆ ಮೀನು ಹಿಡಿಯುವ ಬಿದಿರಿನ ಕೂಳಿ, ಗಂಡಿಯ ಅಗಲಕ್ಕೆ ಸರಿಯಾಗಿ ಕೂತಿತ್ತು.

"ಕಟ್ಟ ಒಡುಕ್ ಮುಂಚೆ ಸಮುದ್ರ ಕೂಳಿ ಹೆಣ್ದ್ ಇಟ್ಕಂಡಿತ್ತಾ?"

ಕೂಳಿ ಹೆಣೆದವಳು ಬೆಳ್ಳಿ. ಅವಳು ಮುಖ ತಿರುಗಿಸಿದಳು. ಒಡೆಯರಿಗೆ ಅಷ್ಟೇ ಸಾಕಾಯಿತು.

"ಈ ರಂಡಿದೇ ಕೆಲ್ಸ. ಸೋಮ, ದೋಣಿ ಒತ್ತ್. ಇನ್ ಇವ್ಕೆ ದೋಣಿ ಇಲ್ಲೆ. ಉಪ್ಪ್ ನೀರೇ ಕುಡ್ದ್ ಸಾಯ್ಲಿ."

ಆಳು ಸೋಮ ಗಳ ಊರಿದ. ಬೆಳ್ಳಿಯ ಸೊಂಟದಲ್ಲಿ ಖಾಲಿ ಕೊಡಪಾನ. ಇನ್ನೊಂದು ತಿಮಿಂಗಿಲಕ್ಕಾಗಿ ನಾನು ಬಾಯಿ ತೆರೆದೆ. ಬರಲಿಲ್ಲ.

ಗಂಡಿಯೊಳಗೆ ಇಳಿದು ನಿಂತೆ. ಉಬ್ಬರ ಏರುತ್ತಿತ್ತು.

"ಕಡ್ದದ್ ನಾನ್, ಒಡ್ಯಾ. ಅಂದ್ ನೀವ್ ನನ್ನ ತುರ್ಕಿದ್ ಜಾಗ್ದಲ್ಲೇ ಕಡ್ದದ್. ನಾ ಯಾವ್ ಸಮುದ್ರನೂ ತಡಿಲಿಲ್ಲೆ. ಹೆದ್ರಿ ಕಣ್ ಮುಚ್ಕಂಡ್ ಗೊಳೋ ಅಂದ್ ಮರ್ಕ್ತಾ ಕೂಕಂಡಿದ್ದೆ. ಇದನ್ ಕಡುವ ಹೊತ್ತಿಗೆ ಮಾತ್ರ ಕಣ್ ಬಿಟ್ಕಂಡಿದ್ದೆ."

ದೋಣಿ ನಿಲ್ಲಲಿಲ್ಲ.