ಅರಿಶಿಣದ ಮೂಲೆ

ಮುಂದಿನ ಟ್ರಕ್ಕಿಗೆ ಹೊದಿಸಿದ ನೀಲಿ ಟಾರ್ಪಾಲಿನ ಒಂದು ಮೂಲೆ ಹಗ್ಗದಿಂದ ಬಿಡಿಸಿಕೊಂಡು ಪಟಪಟ ಬಡಿದುಕೊಳ್ಳುತ್ತಿದೆ, ಡಲ್ಲಾಸ್ ದಾಟಿದಾಗಿನಿಂದ ತುಂಗಾ ಅದನ್ನೇ ನೋಡುತ್ತ ಡ್ರೈವ್ ಮಾಡುತ್ತಿದ್ದಾಳೆ, ಲೇನ್ ಬದಲಿಸಿ ಮುಂದೆ ಹೋಗಬಹುದು, ಹೋಗುತ್ತಿಲ್ಲ, ಅದೇ ನೀಲಿ, ಚಾಡ್ ದೇಶದ ಗಡಿಯ ಶಿಬಿರದಲ್ಲಿ ಹೆರಿಗೆ ಕೋಣೆಯ ಗೋಡೆಯೂ ಈ ಟಾರ್ಪಾಲೇ, ಸೂರೂ ಇದೇ — ಸುಡಾನಿನ ಯುದ್ಧದಿಂದ ಓಡಿಬಂದ ಹೆಂಗಸರು ಅದರಡಿ ಹಡೆಯುತ್ತಿದ್ದರು, ಡಲ್ಲಾಸ್ ಬಳಿಯ ಪ್ಲೇನೋದ ಮಕ್ಕಳ ಡಾಕ್ಟರ್ ತುಂಗಾ ಆಸ್ಪತ್ರೆಗೆ ರಜೆ ಹಾಕಿ ಅಲ್ಲಿಗೆ ಹೋಗಿದ್ದಳು, ಚಳಿಗಾಲ ಪೂರ್ತಿ ಇದ್ದಳು, ಬಂದಳು, ಬಂದಮೇಲೆ ಏನೂ ಅನ್ನಿಸುತ್ತಿಲ್ಲ. ಏನೂ ಅಂದರೆ ಏನೂ. ಹಲ್ಲು ಕೀಳಿಸಿಕೊಂಡ ದಿನ ತುಟಿ ಇದ್ದೂ ಇಲ್ಲದ ಹಾಗಿರುತ್ತದಲ್ಲ, ಹಾಗೆ ಇಡೀ ಮೈ. ಒಮ್ಮೆ ಅತ್ತುಬಿಡು ಮಾರಾಯ್ತಿ, ಹಗುರ ಆಗ್ತದ, ಅಂತಾನೆ ಗಂಡ ಶ್ರೀಕರ್, ಅಳು ಏನು ನಲ್ಲಿಯೇ ತಿರುವಿದರೆ ಬರಲಿಕ್ಕೆ. ಪಕ್ಕದ ಸೀಟಿನಲ್ಲಿ ಅತ್ತೆ ಅನುಸೂಯಾ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ, ಮಡಿಲಲ್ಲಿ ರೊಟ್ಟಿಯ ಡಬ್ಬಿ, ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಹಳದಿ.

ಆ ಹೆಬ್ಬೆರಳೇ ಇಷ್ಟೆಲ್ಲ ಮಾಡಿದ್ದು. ಬೆಳಿಗ್ಗೆ ಹ್ಯೂಸ್ಟನ್ ಗೋದಾಮಿನಿಂದ ಲೋರೆನಾ ಅಂತ ಮೇಲ್ವಿಚಾರಕಿ ಫೋನ್ ಮಾಡಿದಳು, ಡಾಕ್ಟರ್, ಶಿಬಿರಕ್ಕೆ ಹೋಗಬೇಕಾದ ನಿಮ್ಮ ಡಬ್ಬಗಳಲ್ಲಿ ಒಂದು ತೆರೆದು ನೋಡಿದೆ, ಬಟ್ಟೆಗಳಿಗೆಲ್ಲ ಕಲೆ ಇದೆ, ಕಲೆ ಇರುವುದನ್ನು ಹಡಗಿಗೆ ಹಾಕಲಾರೆ, ಸಂಜೆಗೆ ಕಂಟೇನರ್ ಮುಚ್ಚುತ್ತದೆ, ಬಟ್ಟೆ ತೆಗೆದಿಟ್ಟು ಸೋಪು, ಟೋಪಿ ಮಾತ್ರ ಕಳಿಸಲೇ? ಕಲೆ ಹೇಗೆ ಬಂತು, ಎಲ್ಲ ಹೊಸವು, ಬಿಳಿ ಹತ್ತಿ ಬಟ್ಟೆ, ಹುಟ್ಟಿದ ಕೂಸನ್ನು ಸುತ್ತಲಿಕ್ಕೆ ಅಂತ ತಾನೇ ಮುಟ್ಟಿ ನೋಡಿ ಆರಿಸಿದ್ದು — ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ತಿರುಗಿ, ಕಲಿ ಅಲ್ಲವಾ ಅದು, ಅರಿಶಿಣ, ನಾನ ಹಚ್ಚೀನಿ, ಅಂದರು. ಯೂಲೆಸ್ ಊರಿನ ಸಮುದಾಯ ಭವನದಲ್ಲಿ ಕನ್ನಡದ ಹೆಂಗಸರೆಲ್ಲ ಸೇರಿ ಮಡಚಿ ಕಟ್ಟುವಾಗ ತುಂಗಾ ಹೊರಗೆ ಕಾರಿನಿಂದ ಡಬ್ಬ ಇಳಿಸುತ್ತಿದ್ದಳು, ಒಳಗೆ ಅತ್ತೆ ಬಟ್ಟಲಲ್ಲಿ ಅರಿಶಿಣ ಕಲಸಿಕೊಂಡು ಕೂತರು, ಹೊಸಾ ಬಟ್ಟಿ-ಅರಬಿ ಹಂಗ ಹೊಚ್ಚಬಾರದವಾ, ಕೂಸಿನ ಅರಬಿ, ಯಾರದರ ಇರಲಿ, ಅಂತ ಒಂದೊಂದಕ್ಕೂ ಮೂಲೆಗೆ ಒಂದು ಬೆರಳು, ಮದುವೆ ಮನೆಯಲ್ಲಿ ಮಾಡಿದ ಹಾಗೆ, ಯಾರೂ ಬೇಡ ಅನ್ನಲಿಲ್ಲ, ಬೇಡ ಅನ್ನುವುದು ಯಾರಿಗೂ ಹೊಳೆಯಲೂ ಇಲ್ಲ, ತುಂಗಾ ಒಳಗಿದ್ದಿದ್ದರೆ ಅವಳೂ ಒಂದು ಬಟ್ಟಲು ಹಿಡಿದು ಕೂರುತ್ತಿದ್ದಳೇನೋ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಾರಿನ ಕೀ ತಗೊಂಡಳು, ನಾನೂ ಬರ್ತೀನಿ, ಅವರಿಗೆ ತಿಳಿಸಿ ಹೇಳ್ತೀನಿ, ಅಂತ ಅತ್ತೆ ಚಪ್ಪಲಿ ಮೆಟ್ಟಿದರು.

ಟಾರ್ಪಾಲು ಬಡಿದುಕೊಳ್ಳುತ್ತಿದೆ, ಶಿಬಿರದಲ್ಲಿಯೂ ಬೆಳಗಿನ ಗಾಳಿಗೆ ಹೀಗೇ, ಆ ಥಂಡಿ, ಆಗಷ್ಟೇ ಹಡೆದ ತಾಯಿಗೆ ರಕ್ತ ನಿಲ್ಲುತ್ತಿಲ್ಲ, ಎಲ್ಲರ ಕೈಯೂ ಅವಳ ಮೇಲೆ, ಕೂಸು ಅತ್ತಿತು, ಚೆನ್ನಾಗಿಯೇ ಅತ್ತಿತು, ತಾಯಿ ಕೈ ಚಾಚಿ ಏನೋ ಅಂದಳು, ಬಟ್ಟೆ ಕೇಳ್ತಿದ್ದಾಳೆ ಅಂದಳು ದುಭಾಷಿ, ಸ್ಟೋರಿನಲ್ಲಿ ಬಟ್ಟೆ ಮುಗಿದಿತ್ತು, ಬರಬೇಕಾದ ಲಾರಿ ಬಂದಿರಲಿಲ್ಲ, ಮೂಲೆಯಲ್ಲಿ ಖಾಲಿ ಚೀಲವೊಂದು ಬಿದ್ದಿತ್ತು, ರೇಷನ್ ಜೋಳದ ಚೀಲ — ಬೇಡ. ರಸ್ತೆ ನೋಡು. ಇದು ಹ್ಯೂಸ್ಟನ್ ದಾರಿ, ಆಸ್ಟಿನ್‌ಗೆ ಈ ದಾರಿಯಲ್ಲ, ಆಸ್ಟಿನ್‌ಗೆ ಹೋದದ್ದು ಹೋದ ತಿಂಗಳು, ಅಲ್ಲಿನ ಕನ್ನಡ ಕೂಟದ ಸುಚೇತಾ ಅವರ ಮನೆಯಲ್ಲಿ ಅನುಭವ ಹೇಳಲಿಕ್ಕೆ ಕರೆದಿದ್ದರು, ಬಿಸಿಬಿಸಿ ಬೋಂಡಾ, ಮೇಡಂ ಫೋಟೋ ಏನಾದ್ರೂ ಇದ್ಯಾ, ನೀವು ಎಷ್ಟು ಸ್ಟ್ರಾಂಗ್ ಮೇಡಂ, ನಮ್ಮ ಕೈಲಿ ಆಗಲ್ಲಪ್ಪ, ತುಂಗಾ ಬಟ್ಟೆ ಬೇಕು ಅಂತಷ್ಟೇ ಹೇಳಿದಳು, ಯಾಕೆ ಬಟ್ಟೆಯೇ ಅಂತ ಯಾರೂ ಕೇಳಲಿಲ್ಲ, ಎಲ್ಲರೂ ಒಳ್ಳೆಯವರು, ತಕ್ಷಣ ಫೋನ್ ತೆಗೆದು ತುಂಗಾ ಆರಿಸಿ ತಂದಿದ್ದ ಮಾದರಿಯನ್ನೇ ಆರ್ಡರ್ ಹಾಕಿದರು, ಆ ಬಟ್ಟೆಗಳೇ ಇವು. ಟ್ರಕ್ಕು ಎಲ್ಲೋ ತಿರುಗಿಕೊಂಡಿತು. ನೀಲಿ ಹೋಯಿತು, ಹೋಗಲಿಲ್ಲ.

ಗೋದಾಮಿನಲ್ಲಿ ಕಂಟೇನರಿನ ಬಾಗಿಲು ಇನ್ನೂ ತೆರೆದಿತ್ತು, ಲೋರೆನಾ ಬಟ್ಟೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದಳು, ಹೌದು, ಮೂಲೆಯಲ್ಲಿ ಅತ್ತೆಯ ಹೆಬ್ಬೆರಳು, ಗೆರೆ ಸಮೇತ, ಅತ್ತೆ ಕೈ ಮುಗಿದು ಧಾರವಾಡ ಕನ್ನಡದಲ್ಲಿ ತಿಳಿಸಿ ಹೇಳಿದರು, ತುಂಗಾ ಇಂಗ್ಲಿಷಿನಲ್ಲಿ ಹೇಳಿದಳು, ಆಶೀರ್ವಾದವಂತೆ, ಲೋರೆನಾ ತಲೆಯಾಡಿಸಿದಳು, ನನ್ನ ಅಜ್ಜಿಯೂ ಹೀಗೇ ಏನಾದರೂ ಮಾಡುತ್ತಿದ್ದಳು, ಆದರೆ ಆ ಕಡೆ ಇಳಿಸಿಕೊಳ್ಳುವವರಿಗೆ ಇದು ಕಲೆಯೇ, ಡಬ್ಬ ಬಂದರಿನಲ್ಲೇ ಬಿದ್ದಿರುತ್ತದೆ. ಕಲೆ ಇರಬಾರದು, ಅಷ್ಟೇ ತಾನೇ, ಮೂಲೆ ಇರಲೇಬೇಕಾ, ಅಂದಳು ತುಂಗಾ. ಹಾಗೇನೂ ನಿಯಮ ಇಲ್ಲ ಅಂದು ಲೋರೆನಾ ಒಳಗೆ ಹೋಗಿ ಕತ್ತರಿ ತಂದು ತುಂಗಾಳ ಕೈಗೆ ಕೊಟ್ಟಳು. ಕಚ್. ಹಳದಿಯ ತ್ರಿಕೋನ ಸಿಮೆಂಟಿನ ಮೇಲೆ ಬಿತ್ತು. ಅತ್ತೆ ಗಪ್ಪನೆ ಅವಳ ಮುಂಗೈ ಹಿಡಿದರು, ಬ್ಯಾಡ ತುಂಗಾ, ಅರಿಶಿಣ ತೆಗದರ ಬರೀ ಬಿಳಿ ಅರಬಿ ಉಳೀತದ, ಹೊಸಾ ಬಿಳಿ ಅರಬಿ ಹಂಗ ಹೊಚ್ಚೂದು ಸತ್ತವರಿಗೆ, ಹಸಗೂಸಿಗಲ್ಲ. ತುಂಗಾಳ ಬಾಯಿ ತಾನಾಗಿ ಆಡಿತು, ಅಲ್ಲೆ ಸತ್ತ ಕೂಸಿಗೂ ಸಿಗಲಿಲ್ಲರೀ ಅತ್ತಿ. ಯಾವ ಕೂಸು, ಅಂದರು ಅತ್ತೆ. ಒಂದು ಹೆಣ್ಣುಕೂಸುರೀ, ಬೆಳಿಗ್ಗೆ ಹುಟ್ಟಿತು, ಥಂಡಿ ಹಿಡೀತು, ಮಧ್ಯಾಹ್ನಕ್ಕ ಹೋತು. ತನ್ನ ದನಿ ಯಾರದೋ ದನಿಯಂತೆ, ಹವಾಮಾನದ ವರದಿ ಓದುವವರ ಹಾಗೆ. ಮತ್ತ ಯಾತರಾಗ ಸುತ್ತಿದ್ರಿ? ಜೋಳದ ಚೀಲದಾಗ. ಹುಟ್ಟಿದಾಗಲೂ ಅದರಾಗ, ಮಣ್ಣಿಗೆ ಇಡೂವಾಗಲೂ ಅದರಾಗ.

ಅತ್ತೆ ಮುಂಗೈ ಬಿಟ್ಟರು, ದಿನಾ ಜೋಳದ ಹಿಟ್ಟು ನಾದುವ ಕೈ ಚಾಚಿದರು, ತಾ ಇಲ್ಲೆ. ಕತ್ತರಿ ತಗೊಂಡರು, ಡಬ್ಬದ ಪಕ್ಕ ನೆಲದ ಮೇಲೇ ಕೂತರು, ತಮ್ಮ ಹೆಬ್ಬೆರಳಿನ ಗುರುತನ್ನು ತಾವೇ ಹುಡುಕಿ ಹುಡುಕಿ ಕತ್ತರಿಸತೊಡಗಿದರು, ಅಳುತ್ತ, ಸೆರಗಿಗೆ ಮೂಗು ಒರೆಸಿಕೊಳ್ಳುತ್ತ, ಲೋರೆನಾ ಇನ್ನೊಂದು ಕತ್ತರಿ ತಂದು ಎದುರು ಕೂತಳು, ಕಚ್, ಕಚ್, ಹಳದಿ ಚೂರುಗಳು ರಾಶಿ ಬಿದ್ದವು, ತುಂಗಾ ಮೂಲೆಯಿಲ್ಲದ ಬಟ್ಟೆಗಳನ್ನು ಮಡಚಿದಳು, ತುಂಬಿದಳು, ಟೇಪು ಅಂಟಿಸಿದಳು, ಡಬ್ಬಗಳು ಒಳಗೆ ಹೋದವು, ಹೋಗುತ್ತವೆ, ಯಾವುದೋ ಕೂಸಿಗೆ ಬೆಚ್ಚಗಾಗುತ್ತದೆ, ಸಂತೋಷ ಆಗಬೇಕು, ಕೈಯಲ್ಲಿ ಕೊನೆಯ ಬಟ್ಟೆ, ಬಿಳಿ, ಮೆತ್ತಗೆ, ಇದರಿಂದ ಒರೆಸಿದ್ದರೆ ಹೋಗುತ್ತಿತ್ತೇನೋ, ಅವತ್ತು ಮಧ್ಯಾಹ್ನ ಚೀಲ ಬಿಡಿಸಿದಾಗ ಕೂಸಿನ ಒದ್ದೆ ಬೆನ್ನಿಗೆ ಅಂಟಿಕೊಂಡಿದ್ದ ಚೀಲದ ಅಚ್ಚಿನ ಬಣ್ಣ, ನೀಲಿ, ಉಲ್ಟಾ ಮೂಡಿದ ಎರಡು ಅಕ್ಷರ, ಅಂಗೈಯಷ್ಟೂ ಇಲ್ಲದ ಬೆನ್ನು, ಒರೆಸಿದಳು, ಹೋಗಲಿಲ್ಲ, ನೀರು ಹಚ್ಚಿ ಒರೆಸಿದಳು, ಹೋಗಲಿಲ್ಲ, ಅಂಗೈಯಷ್ಟೂ ಇಲ್ಲದ ಬೆನ್ನು, ನೀಲಿ, ಒರೆಸಿದಳು —