ಗಂಟಲು ಒಡೆಸುವ ಮನೆ

ನನ್ನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಪಿಯಾನೋ ಇದೆ. ಎಡಗಡೆಯ ಪೆಡಲ್ ಕಿರುಗುಟ್ಟುತ್ತದೆ, ಮಳೆಗಾಲದಲ್ಲಿ ಎರಡು ಕೀಗಳು ಒತ್ತಿದರೆ ಮೇಲೇಳುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಮಕ್ಕಳಿಗೂ ದೊಡ್ಡವರಿಗೂ ಪಿಯಾನೋ ಮತ್ತು ಹಾಡು ಹೇಳಿಕೊಡುತ್ತಿದ್ದೇನೆ. ಮಕ್ಕಳನ್ನು ತಾಯಂದಿರು ಕೈಹಿಡಿದು ಎಳೆದುಕೊಂಡು ಬರುತ್ತಾರೆ. ದೊಡ್ಡವರು ತಾವಾಗಿಯೇ ಬಂದು, ಅಭ್ಯಾಸ ಮಾಡದ್ದಕ್ಕೆ ಮಕ್ಕಳಿಗಿಂತ ಚಂದದ ನೆಪ ಹೇಳುತ್ತಾರೆ. ಅವರಲ್ಲೊಬ್ಬರು ಗಂಟಲಿನ ಡಾಕ್ಟರು. ದಿನಕ್ಕೆ ನಲವತ್ತು ಗಂಟಲುಗಳೊಳಗೆ ಇಣುಕುವ ಅವರ ಸ್ವಂತ ಗಂಟಲಿನಿಂದ ಮಾತ್ರ ಒಂದು ಸ್ವರವೂ ನೆಟ್ಟಗೆ ಹೊರಡುವುದಿಲ್ಲ. ಗುರುವಾರ ಅವರು ಬಾಯಿ ತೆರೆದರೆಂದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ. ನಗುನಗುತ್ತಲೇ ತಪ್ಪು ಹಾಡುವ ಆ ಮನುಷ್ಯನೆಂದರೆ ನನಗೆ ಬಹಳ ಇಷ್ಟ.

ಇಂಥವರ ನಡುವೆ, ಎಂಟನೆಯ ವಯಸ್ಸಿನಲ್ಲಿ ಬಂದವಳು ಸೀಟಿ. ಅದು ಬೀದಿಯವರು ಇಟ್ಟ ಹೆಸರು. ಅವಳು ಮೆಟ್ಟಿಲು ಹತ್ತುವ ಮೊದಲೇ ಅವಳ ದನಿ ಮಹಡಿ ಹತ್ತಿರುತ್ತಿತ್ತು. ಆ ವಯಸ್ಸಿನ ಮಕ್ಕಳು ಏದುಸಿರು ಬಿಟ್ಟು ಮುಟ್ಟುವ ಸ್ವರವನ್ನು ಅವಳು ಬೂಟಿನ ದಾರ ಕಟ್ಟಿಕೊಳ್ಳುತ್ತಾ ಮುಟ್ಟುತ್ತಿದ್ದಳು. ಅವಳ ತಾಯಿ ಚಿಕ್ಕ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕಾಯುತ್ತಿದ್ದಳು. ಆಕೆಯ ಮಾತು ಬರೀ ಗಾಳಿ. ಹತ್ತಿರ ಬಾಗಿದರೆ ಮಾತ್ರ ಕೇಳುತ್ತಿತ್ತು. ಪಾಪ, ಸದಾ ಶೀತ ಎಂದುಕೊಂಡು ಎರಡು ವರ್ಷ ನಾನು ಆಕೆಗೆ ಬಿಸಿನೀರು ಕೊಟ್ಟೆ. ಆಕೆಯೂ ಸುಮ್ಮನೆ ಕುಡಿದಳು.

ಸೀಟಿಗೆ ಹತ್ತು ತುಂಬಿದ ಮೇಲೆ ಅವಳ ದನಿಯಲ್ಲಿ ಒರಟು ಕಾಣಿಸಿಕೊಂಡಿತು. ಸ್ವರ ಹಿಡಿಯುವ ಮೊದಲು ಒಂದಿಷ್ಟು ಗಾಳಿ ಸೋರುತ್ತಿತ್ತು. "ಏನೇ ಇದು, ಐಸ್ ತಿಂದ್ಯಾ?" ಎಂದು ಕೇಳಿದೆ.

"ಇಲ್ಲ ಮಿಸ್," ಎಂದಳು ಹೆಮ್ಮೆಯಿಂದ. "ಅಜ್ಜ ನನ್ನ ಗಂಟಲು ಒಡೆಸ್ತಿದ್ದಾರೆ."

ಏನೆಂದು ಅರ್ಥವಾಗಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ, ಅವಳು ಬಿಟ್ಟುಹೋಗಿದ್ದ ಪುಸ್ತಕ ಕೊಡುವ ನೆಪದಲ್ಲಿ ಅವರ ಮನೆಗೆ ಹೋದೆ. ಮೂರನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಗೋಡೆಗೆ ಮುಖಮಾಡಿ ಹುಡುಗಿ ನಿಂತಿದ್ದಳು. ಒಂದೇ ಎತ್ತರದ ಸ್ವರವನ್ನು ಎಳೆದು ಕೂಗುತ್ತಿದ್ದಳು. ಉಸಿರು ಮುಗಿದರೆ ಮತ್ತೆ ಅದೇ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಗಡಿಯಾರ ಕೈಯಲ್ಲಿ ಹಿಡಿದು ಕೂತಿದ್ದವರು ಅಜ್ಜ, ತಾಯಿಯ ತಂದೆ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಹಾಡಿ ಮೆರೆದವರು. ಅವಳು ನೀರಿಗೆ ಕೈ ತೋರಿಸಿದಳು. ಅವರು ತಲೆಯಾಡಿಸಿದರು, ಬೇಡವೆಂದು. ಮತ್ತೊಮ್ಮೆ ಕೂಗಿ, ಕೆಮ್ಮಿ, ಕರವಸ್ತ್ರಕ್ಕೆ ಉಗುಳಿದಳು. ಬಟ್ಟೆಯ ಮೇಲೆ ಗುಂಡುಸೂಜಿಯ ತಲೆಯಷ್ಟು ಕೆಂಪು.

ಅಜ್ಜ ಎದ್ದು ನಿಂತು ಕೂಗಿದರು, "ಒಡೀತು! ಬಾರೇ ಇಲ್ಲಿ, ನೋಡು ನಿನ್ನ ಮಗಳನ್ನ, ಇವತ್ತು ಒಡೀತು!" ಜೇಬಿನಿಂದ ಕಲ್ಲುಸಕ್ಕರೆ ತೆಗೆದು ಮೊಮ್ಮಗಳ ಬಾಯಿಗೆ ಹಾಕಿದರು. ಅವರ ಕಣ್ಣಲ್ಲಿ ನೀರಿತ್ತು. ಕ್ರೂರಿಯೊಬ್ಬನ ಮನೆಗೆ ಬಂದೆನೆಂದು ನನಗನ್ನಿಸಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಆ ಮಗುವನ್ನು ನಿಜವಾಗಿ ಪ್ರೀತಿಸುತ್ತಿದ್ದರು.

ಒಳಗೆ ಕೂತು ಮಾತಿಗಿಳಿದೆ. "ಯಜಮಾನ್ರೇ, ಗಂಟಲು ಅಂದ್ರೆ ತೆಂಗಿನಕಾಯಲ್ಲ, ಒಡೆದ್ರೆ ಒಳಗೆ ಸಿಹಿ ಸಿಗೋಕೆ. ಮಗೂಗೆ ನೋವಾಗ್ತಿದೆ."

"ನೋಡಮ್ಮ, ನೀನು ಕಲಿಸೋದು ಪುಸ್ತಕದ ಹಾಡು. ಇದು ನಮ್ಮ ಮನೆತನದ ವಿದ್ಯೆ. ನಮ್ಮ ತಾತ ನಮ್ಮಪ್ಪನ ಗಂಟಲು ಒಡೆಸಿದ್ರು, ನಮ್ಮಪ್ಪ ನನ್ನದು. ಹಸಿ ಗಂಟಲು ಒಡೀಲೇಬೇಕು. ಆಮೇಲೇನೇ ಅಸಲಿ ದನಿ ಏಳೋದು."

"ನಿಮ್ಮ ಮನೇಲಿ ಎಷ್ಟು ಜನರಿಗೆ ಹೀಗೆ ಮಾಡಿದ್ದೀರಿ?"

ಅವರು ಬೆರಳು ಮಡಿಸಿ ಎಣಿಸಿದರು. "ನಾನು, ಅಣ್ಣ ತಮ್ಮಂದಿರು, ನಮ್ಮ ಮಕ್ಕಳು, ಎಲ್ಲಾ ಸೇರಿ ಹನ್ನೊಂದು."

"ಹಾಡುಗಾರರಾದವರು?"

ಗೋಡೆಯ ಮೇಲಿನ ಎರಡು ಫೋಟೋ ತೋರಿಸಿದರು. ಒಂದು ಅವರದು, ಇನ್ನೊಂದು ಅವರ ಅಣ್ಣನದು.

"ಮಿಕ್ಕ ಒಂಬತ್ತು ಜನ?"

"ಅವರಲ್ಲಿ ದನಿ ಇರ್ಲಿಲ್ಲ," ಎಂದರು ಶಾಂತವಾಗಿ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಏನು ವಾದ ಮಾಡುವುದು? ಎದ್ದೆ. ಬಾಗಿಲವರೆಗೆ ಬಂದ ತಾಯಿ ನನ್ನ ತೋಳು ಹಿಡಿದುಕೊಂಡಳು. ಕಿವಿ ಕೊಟ್ಟೆ.

"ನಂಗೆ ಶೀತ ಇಲ್ಲ ಮೇಡಂ. ನಾನೂ ಹಾಡ್ತಿದ್ದೆ. ಒಂಬತ್ತು ವರ್ಷದ ತನಕ."

"ಮತ್ತೆ ಮಗಳಿಗೆ ಯಾಕೆ ಬಿಟ್ರಿ?" ಎಂದು ರೇಗಿದೆ.

"ಬೇಡ ಅಂತ ದಿನಾ ಹೇಳ್ತೀನಿ. ಅಪ್ಪಂಗೆ ಕೇಳ್ಸಲ್ಲ. ನನ್ನ ಗಂಡ ಹಡಗಿನ ಕೆಲಸದಲ್ಲಿದ್ದಾರೆ, ವರ್ಷಕ್ಕೊಂದು ಸಲ ಬರ್ತಾರೆ. ಬಂದ್ರೂ ಮಾವನ ಮಾತು ಮೀರಲ್ಲ."

ಆ ವಾರ ತಾಯಿಯೂ ನಾನೂ ಅಜ್ಜನಿಗೆ ಹೇಳದೆ ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದೊಯ್ದೆವು. ನನ್ನ ಕೋಣೆಯಲ್ಲಿ ನಗುವ ಮನುಷ್ಯ ಅಲ್ಲಿ ನಗಲಿಲ್ಲ. ಪುಟ್ಟ ಕನ್ನಡಿ ಹಿಡಿದು ಎರಡು ಸಲ ನೋಡಿದರು. "ಗುದ್ದಲಿ ಹಿಡಿದವರ ಅಂಗೈ ಜಡ್ಡುಗಟ್ಟುತ್ತಲ್ಲ, ಹಾಗೆ ಒಳಗೆ ಎರಡು ಗಂಟಾಗಿವೆ. ಹೆದರಬೇಡಿ. ಆರು ವಾರ ಹಾಡಬಾರದು, ಕೂಗಬಾರದು, ಪಿಸುಗುಟ್ಟಲೂಬಾರದು. ತಾವಾಗೇ ಕರಗ್ತವೆ."

"ಹಾಡಿದ್ರೆ?" ಎಂದೆ. ಅವರು ತಾಯಿಯ ಕಡೆ ನೋಡಿದರು.

ಆರು ವಾರ. ಕೇವಲ ಆರು ವಾರ! ಓದುವವರೇ, ಆ ಮಗುವಿನ ದನಿ ಉಳಿಯಲು ಯಾರೂ ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಆದರೆ ನನ್ನ ಶಿಷ್ಯರ ವಾರ್ಷಿಕ ಕಾರ್ಯಕ್ರಮಕ್ಕೆ ಉಳಿದಿದ್ದದ್ದು ಮೂರೇ ವಾರ. ಪಟ್ಟಿಯಲ್ಲಿ ಕೊನೆಯ ಹಾಡು ಸೀಟಿಯದು. ಎತ್ತರದ ಆ ಹಾಡನ್ನು ಆರಿಸಿದವಳು ನಾನೇ. ಎತ್ತರದ ಸ್ವರಕ್ಕೆ ಚಪ್ಪಾಳೆ ಜಾಸ್ತಿ ಬೀಳುತ್ತದೆಂದು ನನಗೂ ಗೊತ್ತಿತ್ತು. ಈ ಪಾಪದಲ್ಲಿ ನನ್ನ ಪಾಲನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ.

ಡಾಕ್ಟರ ಚೀಟಿ ನೋಡಿ ಅಜ್ಜ ನಕ್ಕರು. "ಆ ಮನುಷ್ಯಂಗೆ ಒಂದು ಸಾಲು ಹಾಡಕ್ಕೆ ಬರಲ್ಲ ಅಂತ ಊರಿಗೆಲ್ಲಾ ಗೊತ್ತು. ಅವನು ನನ್ನ ಮೊಮ್ಮಗಳ ಗಂಟಲಿಗೆ ಮದ್ದು ಹೇಳ್ತಾನಾ?"

"ಅವಳ ಹೆಸರು ಪಟ್ಟಿಯಿಂದ ತೆಗೀತೀನಿ ಯಜಮಾನ್ರೇ."

"ತೆಗೀಮ್ಮ. ನುಡಿಸೋರು ಊರಲ್ಲಿ ನೀನೊಬ್ಬಳೇನಾ? ಬೇರೆ ಕಡೆ ಹಾಡಿಸ್ತೀನಿ."

ನಾನು ಬಗ್ಗಿದೆ. ಬೇರೆಯವರ ಕೈಗೆ ಸಿಗುವುದಕ್ಕಿಂತ ನನ್ನ ಪಕ್ಕದಲ್ಲೇ ಇರಲಿ, ಎರಡು ಸ್ವರ ಕೆಳಗಿಂದ ನುಡಿಸಿ ಹೇಗೋ ಪಾರು ಮಾಡುತ್ತೇನೆ ಎಂದು ಲೆಕ್ಕ ಹಾಕಿದೆ. ನನ್ನನ್ನು ನಾನು ಬುದ್ಧಿವಂತೆ ಅಂದುಕೊಂಡಿದ್ದೆ.

ಶಾಲೆಯ ಸಭಾಂಗಣ, ಭಾನುವಾರ ಮಧ್ಯಾಹ್ನ. ಡಾಕ್ಟರು ತಮ್ಮ ಹಾಡು ಹಾಡಿ ಎಲ್ಲರನ್ನೂ ನಗಿಸಿ, ಆಸ್ಪತ್ರೆಗೆ ಹೊರಟುಹೋಗಿದ್ದರು. ಕೊನೆಗೆ ಸೀಟಿ ಬಂದಳು, ಇಸ್ತ್ರಿ ಮಾಡಿದ ನೀಲಿ ಬಟ್ಟೆಯಲ್ಲಿ. ನಾನು ಕೆಳಗಿಂದ ಶುರುಮಾಡಿದೆ. ಮೊದಲ ಸಾಲು ಮುಗಿದಿರಲಿಲ್ಲ, ಸಭೆಯ ಮುಂದಿನ ಕುರ್ಚಿಗಳಿಂದ ಅಜ್ಜನ ದನಿ ಬಂತು: "ಮೇಲಿಂದ!"

ಜನ ತಿರುಗಿ ನೋಡಿದರು. ಮಗು ನನ್ನ ಕಡೆ ನೋಡಿತು. ನನ್ನ ಕೈಗಳು ಮೇಲಕ್ಕೆ ಸರಿದವು.

ಮೊದಲ ಚರಣ ಹೇಗೋ ದಾಟಿತು. ಎರಡನೆಯದರಲ್ಲಿ ದನಿ ಸೀಳಿತು. ಅವಳ ಕತ್ತಿನ ನರಗಳು ಎದ್ದು ನಿಂತವು, ಕಣ್ಣು ತುಂಬಿಕೊಂಡಿತು. ಅಜ್ಜ ಕೈಯೆತ್ತಿ "ಎಳಿ, ಎಳಿ" ಎಂದು ಸನ್ನೆ ಮಾಡುತ್ತಿದ್ದರು. ಆಗ ತಾಯಿ ಎದ್ದು ನಿಂತಳು. ಬಾಯಿ ತೆರೆದಳು. "ಸಾಕು" ಎಂದಳು. ಪಕ್ಕದಲ್ಲಿ ಕೂತವರೂ ತಲೆಯೆತ್ತಲಿಲ್ಲ. ಮತ್ತೆ ಅಂದಳು, ಮತ್ತೆ ಅಂದಳು. ಮುನ್ನೂರು ಜನರಿದ್ದ ಆ ಸಭೆಯಲ್ಲಿ ಅದನ್ನು ತುಟಿ ನೋಡಿ ತಿಳಿದವಳು ನಾನೊಬ್ಬಳೇ. ಆದರೂ ನುಡಿಸಿದೆ. ಹಾಡು ಮುಗಿಯುವ ತನಕ ಜೊತೆಗೆ ನುಡಿಸುವವಳು ನಿಲ್ಲಿಸಬಾರದೆಂದು ನನಗೆ ಚಿಕ್ಕಂದಿನಲ್ಲಿ ಕಲಿಸಿದ್ದರು. ಆ ಮನೆಯವರಿಗೊಂದು ಪದ್ಧತಿ ಇದ್ದರೆ, ನನಗೂ ಒಂದಿತ್ತು ನೋಡಿ.

ಕೊನೆಯ ಸ್ವರಕ್ಕೆ ಅವಳು ಬಾಯಿ ತೆರೆದಾಗ ಏನೂ ಬರಲಿಲ್ಲ. ಜನ ಪಾಪ ಎಂದು ಚಪ್ಪಾಳೆ ತಟ್ಟಿದರು.

ಒಳಗೆ ರಕ್ತನಾಳ ಒಡೆದು ಗಾಯ ಕಲೆಗಟ್ಟಿದೆ ಎಂದರು ಡಾಕ್ಟರು. ಅವಳು ಎರಡು ತಿಂಗಳು ಸ್ಲೇಟಿನ ಮೇಲೆ ಬರೆದು ಮಾತಾಡಿದಳು. ಆಮೇಲೆ ತಾಯಿಯ ದನಿಯಲ್ಲಿ ಮಾತಾಡಿದಳು. ಬೀದಿಯಲ್ಲಿ ಅವಳನ್ನು ಸೀಟಿ ಎಂದು ಕರೆಯುವುದನ್ನು ಜನ ತಾವಾಗಿಯೇ ಬಿಟ್ಟರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ನನ್ನಂಥವರಿಗಾಗಿಯೇ. ಅವಳು ಪಿಯಾನೋ ಕಲಿಯಲು ಮಾತ್ರ ಬರುತ್ತಿದ್ದಳು. ನಾನು ಅವಳ ಮುಖ ನೋಡಲಾರದೆ ಅವಳ ಬೆರಳು ನೋಡುತ್ತಿದ್ದೆ.

ಅದಾಗಿ ಐದು ತಿಂಗಳಿಗೆ, ಪಾಠದ ಹೊತ್ತಿಗೆ ಅಜ್ಜ ತಾವೇ ಬಂದರು. ಕೈಯಲ್ಲಿ ಚಿಕ್ಕ ಮೊಮ್ಮಗಳು, ಆರು ವರ್ಷದವಳು. ಹಿಂದೆಯೇ ತಾಯಿ ಓಡಿ ಬಂದಳು, ಏದುಸಿರು ಬಿಡುತ್ತಾ.

"ಇವಳನ್ನ ಸೇರಿಸ್ಕೊಳ್ಳಮ್ಮ," ಎಂದರು ಅಜ್ಜ. "ದೊಡ್ಡವಳಲ್ಲಿ ದನಿ ಇರ್ಲಿಲ್ಲ. ಇವಳಲ್ಲಿದೆ. ನೀನು ಪುಸ್ತಕ ಕಲಿಸು, ಗಂಟಲು ನಾನು ನೋಡ್ಕೋತೀನಿ."

ಪಿಯಾನೋದ ಮುಂದಿದ್ದ ದೊಡ್ಡವಳು ಅದನ್ನು ಕೇಳಿದಳು.

"ಆಗಲ್ಲ ಯಜಮಾನ್ರೇ," ಎಂದೆ.

"ಯಾಕಾಗಲ್ಲ? ನೋಡು..."

ತಾಯಿ ಬಾಯಿ ತೆರೆದಳು, ಮುಚ್ಚಿದಳು. ನೇರವಾಗಿ ಪಿಯಾನೋ ಹತ್ತಿರ ಬಂದು ಎರಡು ಅಂಗೈಗಳನ್ನೂ ಕೀಗಳ ಮೇಲೆ ಅಪ್ಪಳಿಸಿದಳು. ಕಿಟಕಿಯ ಗಾಜು ನಡುಗಿತು.

ಅಜ್ಜ ಬೆಚ್ಚಿದರು. "ಏನೇ ಇದು, ತಲೆ ಕೆಟ್ಟಿದ್ಯಾ? ನಾನು..."

ಮತ್ತೆ ಅಪ್ಪಳಿಸಿದಳು. ಈ ಸಲ ಮಗಳ ಕೈಗಳೂ ಸೇರಿದವು. ಅವರು ಬಾಯಿ ತೆರೆದಾಗಲೆಲ್ಲ ತಾಯಿ ಮಗಳು ಕೂಡಿ ಹೊಡೆದರು. ಐವತ್ತು ವರ್ಷ ಸಭೆಗಳನ್ನು ತುಂಬಿದ ಆ ದನಿ ನನ್ನ ಪುಟ್ಟ ಕೋಣೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಅವರು ತಮ್ಮ ಮಗಳ ಮುಖ ನೋಡಿದರು, ಬಹುಶಃ ಬಹಳ ವರ್ಷಗಳ ಮೇಲೆ. ಚಿಕ್ಕವಳ ಕೈಬಿಟ್ಟು ಮೆಟ್ಟಿಲಿಳಿದು ಹೋದರು. ಅವರು ಬದಲಾದರೆಂದು ನಾನು ಹೇಳಲಾರೆ. ಇವತ್ತಿಗೂ ಅವರದು ಅದೇ ಮಾತು.

ಚಿಕ್ಕವಳು ಕಣ್ಣರಳಿಸಿ ನಿಂತಿದ್ದಳು. "ಅಮ್ಮ, ನಾನು ಹಾಡ್ಬಾರ್ದಾ?" ಎಂದಳು.

ತಾಯಿ ನನ್ನ ಕಡೆ ನೋಡಿದಳು. ನಾನು ಮೊದಲು ಮಗುವಿಗೆ ಒಂದು ಲೋಟ ನೀರು ಕುಡಿಸಿದೆ. ದೊಡ್ಡವಳು ಪಿಯಾನೋದಲ್ಲಿ ಕೆಳಗಿನ ಸುಲಭದ ಸ್ವರದಿಂದ ಒಂದು ಸಣ್ಣ ಹಾಡು ನುಡಿಸತೊಡಗಿದಳು. ತಂಗಿ ಅರ್ಧ ತಪ್ಪು, ಅರ್ಧ ಸರಿ ಹಾಡುತ್ತಾ ಹೋದಳು.

ನುಡಿಸುತ್ತಿದ್ದ ಅಕ್ಕನ ತುಟಿಗಳೂ ಪ್ರತಿ ಮಾತಿಗೂ ಅಲ್ಲಾಡುತ್ತಿದ್ದವು. ದನಿ ಮಾತ್ರ ಒಂದೇ ಕೇಳುತ್ತಿತ್ತು.