ಗ್ರೀಸು ಹಚ್ಚಿದ ಗುಂಡು

2019ರ ಅಕ್ಟೋಬರ್ 12, ಶನಿವಾರ, ಬೆಳಿಗ್ಗೆ 8 ಗಂಟೆ 40 ನಿಮಿಷ. ಮೊಂಟಾನಾದ ಬಿಟರ್‌ರೂಟ್ ಕಣಿವೆಯಲ್ಲಿ, ಮನೆ ಮುಂದಿನ ಖಾಲಿ ಡಾಂಬರು ರಸ್ತೆಗೆ ವೆರ್ಲಾ ಹಾಗ್ನೆಸ್ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಅರವತ್ತು ಅಡಿ ಅಳೆದು ಇನ್ನೊಂದು. ಸೌದೆ ತುಂಬಿದ ಟ್ರೇಲರನ್ನು ಪಿಕಪ್ಪಿಗೆ ಕಟ್ಟಿಕೊಂಡು ಅಣ್ಣ ಒರಿನ್ ಗಂಟೆಗೆ ಮೂವತ್ತು ಮೈಲಿ ವೇಗದಲ್ಲಿ ಬಂದು, ಮೊದಲ ಗೆರೆಯಲ್ಲಿ ಬ್ರೇಕು ಒತ್ತಿ, ಎರಡನೆಯದರೊಳಗೆ ನಿಲ್ಲಬೇಕು. ನಿಲ್ಲದಿದ್ದರೆ, ಅವಳ ಷರತ್ತಿನಂತೆ, ಅವನು ಈ ವರ್ಷ ಬೆಟ್ಟದಿಂದ ಸೌದೆ ಇಳಿಸುವಂತಿಲ್ಲ.

ಹೋದ ವರ್ಷ ಇಳಿಜಾರಿನ ತಿರುವಿನಲ್ಲಿ ಹಿಂದಿನ ಭಾರ ಗಾಡಿಯನ್ನು ನೂಕಿ, ಮುಂದಿನ ಚಕ್ರ ಕಣಿವೆಯ ಅಂಚಿಗೆ ಗೇಣು ದೂರದಲ್ಲಿ ನಿಂತಿತ್ತು. ಅದಕ್ಕೇ ಒರಿನ್ ಈ ಸಲ ಟ್ರೇಲರಿನ ಎರಡೂ ಚಕ್ರಗಳಿಗೆ ತಾನೇ ವಿದ್ಯುತ್ ಬ್ರೇಕು ಹಾಕಿದ್ದ. ಅವನಿಗೆ ಎಪ್ಪತ್ತೆರಡು ವರ್ಷ. ಹತ್ತೊಂಬತ್ತನೇ ವಯಸ್ಸಿನಿಂದ ತನ್ನ ಮನೆಗೂ ತಂಗಿಯ ಮನೆಗೂ ಸೌದೆ ತಂದವನು. ಸೌದೆ ಕೊಂಡುಕೊಳ್ಳೋಣ ಎಂದರೆ, ನಿನಗೆ ವಯಸ್ಸಾಯಿತು ಎಂದಂತೆಯೇ ಅವನಿಗೆ ಕೇಳಿಸುತ್ತಿತ್ತು.

ಮೊದಲ ಓಟ ಎಪ್ಪತ್ತೆಂಟು ಅಡಿಗೆ ನಿಂತಿತು.

"ನಿನ್ ಟೇಪು ಸರಿ ಇಲ್ಲ, ಮೇಷ್ಟ್ರಮ್ಮ," ಎಂದ ಒರಿನ್, ಕಿಟಕಿಯಿಂದ ತಲೆ ಹೊರಹಾಕಿ.

ಮೂವತ್ತು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದ್ದ ವೆರ್ಲಾ ಕರೆಂಟು ಅಳೆಯುವ ಆಂಪಿಯರ್ ಮೀಟರು ತಂದಳು. ಅದನ್ನು ಬ್ರೇಕಿನ ತಂತಿಗೆ ಸೇರಿಸಿ, "ಒತ್ತು," ಎಂದಳು. ಎರಡು ಚಕ್ರಕ್ಕೆ ಸುಮಾರು ಆರು ಆಂಪಿಯರ್ ಬರಬೇಕು. ಮುಳ್ಳು ಎರಡರ ಹತ್ತಿರ ತೂಗಾಡಿತು.

"ಕರೆಂಟು ಬ್ಯಾಟರಿಗೆ ವಾಪಸ್ ಬರೋ ತಂತಿ ಎಲ್ಲಿ?"

"ಯಾಕೆ ಬೇಕು? ಪಿಕಪ್ಪಿನ ಹಿಂದೆ ಟ್ರೇಲರ್ ಕೂರೋ ಕೊಕ್ಕೆ ಗುಂಡು ಕಬ್ಬಿಣ ಅಲ್ವೇನೆ, ಅದರ ಮೇಲೇ ವಾಪಸ್ ಬರುತ್ತೆ! ಅಪ್ಪನ ಟ್ರೇಲರ್ ದೀಪ ನಲವತ್ತು ವರ್ಷ ಗುಂಡಿನ ಮೇಲೇ ಉರೀತು."

"ದೀಪಕ್ಕೆ ಒಂದು ಗುಟುಕು ಕರೆಂಟು ಸಾಕು, ಬ್ರೇಕಿಗೆ ಕೊಡ ತುಂಬ ಬೇಕು." ಅವಳು ಗುಂಡನ್ನು ಮುಟ್ಟಿದಳು. ಬೆರಳು ಕಪ್ಪಾಯಿತು. "ಗ್ರೀಸು ಯಾವಾಗ ಹಚ್ಚಿದೆ?"

"ಪ್ರತಿ ಶನಿವಾರ. ಅಪ್ಪ ಹೇಳ್ಕೊಟ್ಟಿದ್ದು."

"ಕರೆಂಟು ಗುಂಡಿನ ಮೇಲೆ ಹಾಯ್ಬೇಕು ಅಂತೀಯ, ಅದರ ದಾರೀಲೇ ಗ್ರೀಸು ಮೆತ್ತೀಯ."

ಒರಿನ್ ಟೋಪಿ ತೆಗೆದು ಗುಂಡನ್ನೇ ನೋಡಿದ. ಗ್ರೀಸು ಹಚ್ಚದೆ ಬಿಟ್ಟರೆ ಅದು ಸವೆಯುತ್ತದೆ. ಹಚ್ಚಿದರೆ ಬ್ರೇಕು ಸಾಯುತ್ತದೆ.

"ಅಪ್ಪನ ಕಾಲದಲ್ಲಿ ಬ್ರೇಕೇ ಇರ್ಲಿಲ್ಲ ಬಿಡು," ಎಂದು ಕೊನೆಗೆ ಗೊಣಗಿ, ತಾನೇ ಟ್ರೇಲರಿನಡಿ ತೆವಳಿದ. "ಬಿಳೀ ತಂತಿ ಕೊಡು. ದಪ್ಪಂದು."

ಬ್ರೇಕುಗಳಿಂದ ಟ್ರೇಲರಿನ ಪ್ಲಗ್ಗಿನವರೆಗೆ, ಅಲ್ಲಿಂದ ಪಿಕಪ್ಪಿನ ಬ್ಯಾಟರಿಯವರೆಗೆ ವಾಪಸ್ ತಂತಿ ಎಳೆಯಲು ಎರಡು ಗಂಟೆ ಹಿಡಿಯಿತು. ಮೀಟರು ಈಗ ಆರರಲ್ಲಿ ಅಲುಗದೆ ನಿಂತಿತು. ಗುಂಡಿಗೆ ಒರಿನ್ ಮತ್ತೆ ಗ್ರೀಸು ಹಚ್ಚಿದ; ಕರೆಂಟು ಈಗ ತಂತಿಯಲ್ಲೇ ಹೋಗುವುದರಿಂದ ವೆರ್ಲಾ ಬೇಡವೆನ್ನಲಿಲ್ಲ.

ಅವನು ಗಾಡಿ ತಿರುಗಿಸಿಕೊಂಡು ಬಂದು ಮೊದಲ ಗೆರೆಯಲ್ಲಿ ಬ್ರೇಕು ಒತ್ತಿದ. ವೇಗದ ಮುಳ್ಳು ಮೂವತ್ತರಲ್ಲಿತ್ತೆಂದು ಕೂಗಿ ಹೇಳಿದ. ಟೇಪಿನ ಇನ್ನೊಂದು ತುದಿಯನ್ನು ಈ ಸಲ ಅವನೇ ಹಿಡಿದ. ಅವಳು ಎರಡು ಸಲ ಓದಿ, ಗಟ್ಟಿಯಾಗಿ ಹೇಳಿದಳು: ಐವತ್ತಮೂರು ಅಡಿ, ನಾಲ್ಕು ಅಂಗುಲ.